ಮೊದಲ ಕಾಲದ ಅರಬ್ ಸೈನ್ಯಕ್ಕೆ ಊಟ, ಸಂಬಳ, ಆಯುಧ ಕೊಡುತ್ತಿದ್ದವರು ಯಾರು?

ಕೃಷ್ಣೆ_ದಂಡೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಮಗ ಎಂಟನೇ ಕ್ಲಾಸು. ಕಂಪ್ಯೂಟರಿನಲ್ಲಿ ಹಳೇ ಕಾಲದ ಯುದ್ಧದ ಆಟ ಒಂದನ್ನು ಆಡುತ್ತಾನೆ. ಅದರಲ್ಲಿ ಅರಬ್ ಸೈನ್ಯ ಆರಿಸಿಕೊಂಡರೆ ಎಲ್ಲರ ಕೈಯಲ್ಲೂ ಬಾಗಿದ ಕತ್ತಿ, ಎಲ್ಲರೂ ಕುದುರೆ ಮೇಲೆ. ಮೊನ್ನೆ ರೊಟ್ಟಿ ತಿನ್ನುತ್ತಾ ಕೇಳಿದ, "ಅಮ್ಮಾ, ಯುದ್ಧ ಇಲ್ಲದಾಗ ಇವರೆಲ್ಲ ಏನು ತಿಂತಿದ್ರು? ಯಾರು ಕೊಡ್ತಿದ್ರು?" ನನಗೆ ಉತ್ತರ ಗೊತ್ತಿರಲಿಲ್ಲ. ಅವನ ಪಠ್ಯಪುಸ್ತಕ ತೆಗೆದು ನೋಡಿದೆ. ಇಸ್ಲಾಂ ಹುಟ್ಟಿತು, ನೂರು ವರ್ಷದಲ್ಲಿ ಸ್ಪೇನಿನಿಂದ ಸಿಂಧ್ ತನಕ ಹರಡಿತು, ಅಷ್ಟಕ್ಕೆ ಮುಗಿಯಿತು. ಹರಡಿದ್ದು ಹೇಗೆ, ಆ ಸೈನ್ಯದಲ್ಲಿ ಇದ್ದವರು ಯಾರು, ಬುಡಕಟ್ಟಿನವರಾ ಅಥವಾ ಸಂಬಳದ ಸಿಪಾಯಿಗಳಾ, ಕತ್ತಿ ಕವಚ ಎಲ್ಲಿಂದ ಬರುತ್ತಿತ್ತು, ಒಂದೂ ಇಲ್ಲ. ಆಮೇಲೆ ತುರ್ಕರ ಗುಲಾಮ ಸೈನಿಕರು ಅಂತ ಬೇರೆ ಕೇಳಿದ್ದೇನೆ. ಗುಲಾಮನ ಕೈಗೆ ಯಾರಾದರೂ ಕತ್ತಿ ಕೊಡುತ್ತಾರಾ? ಸುಮಾರು 630ರಿಂದ 900ರ ತನಕದ ಕಾಲದ ಬಗ್ಗೆ ಓದಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ. ಮಗನಿಗೆ ಓದಿ ಹೇಳುತ್ತೇನೆ.

ಖಜಾನೆ_ಗುಮಾಸ್ತ ಬರೆದದ್ದು:

ಮೇಡಂ, ನಿಮ್ಮ ಮಗ ಸರಿಯಾದ ಕಡೆಯಿಂದಲೇ ಶುರು ಮಾಡಿದ್ದಾನೆ. ನಾನು ಮೂವತ್ತು ವರ್ಷ ಸಂಬಳದ ಬಿಲ್ಲು ಬರೆದವನು. ಹಾಗಾಗಿ ಈ ಸೈನ್ಯದ ಬಗ್ಗೆ ಓದುವಾಗ ನನ್ನ ಕಣ್ಣು ಮೊದಲು ಹೋದದ್ದು ಕತ್ತಿಯ ಮೇಲಲ್ಲ, ಪಟ್ಟಿಯ ಮೇಲೆ. ಈಗಲೂ ನನಗನಿಸುವುದು ಅದೇ. ಪಟ್ಟಿ ಅರ್ಥವಾದರೆ ಸೈನ್ಯ ಅರ್ಥವಾಗುತ್ತದೆ.

ಶುರುವಿನಲ್ಲಿ ಸೈನ್ಯ ಅಂತ ಬೇರೆಯಾಗಿ ಏನೂ ಇರಲಿಲ್ಲ. 624ರಲ್ಲಿ ಬದ್ರ್ ಯುದ್ಧಕ್ಕೆ ಪ್ರವಾದಿಯವರ ಜೊತೆ ಹೊರಟವರು ಮುನ್ನೂರು ಚಿಲ್ಲರೆ ಜನ. ಅವರ ಹತ್ತಿರ ಇದ್ದದ್ದು 70 ಒಂಟೆ, ಎರಡೇ ಎರಡು ಕುದುರೆ. ಒಂದೊಂದು ಒಂಟೆಯನ್ನು ಮೂರ್ನಾಲ್ಕು ಜನ ಸರದಿ ಪ್ರಕಾರ ಏರಿ ಹೋದರು. ಆಯುಧ ಅವರವರದೇ, ಬುತ್ತಿ ಅವರವರದೇ. 630ರಲ್ಲಿ ಹುನೈನ್ ಯುದ್ಧಕ್ಕೆ ಹೊರಡುವಾಗಲೂ ಮೆಕ್ಕಾದ ಸಫ್ವಾನ್ ಅನ್ನುವ ಸಾಹುಕಾರನ ಹತ್ತಿರ ನೂರು ಕವಚ ಸಾಲ ತಂದಿದ್ದರು, ವಾಪಸ್ ಕೊಡುತ್ತೇವೆ ಅಂತ ಮಾತು ಕೊಟ್ಟು.

636ರಲ್ಲಿ ಯರ್ಮೂಕ್‌ನಲ್ಲಿ ಬೈಜಾಂಟಿಯಂ ಸೈನ್ಯ ಸೋತಿತು. ಅದರ ಆಸುಪಾಸಿನಲ್ಲೇ ಕಾದಿಸಿಯ್ಯಾದಲ್ಲಿ ಪರ್ಷಿಯಾದ ಸೈನ್ಯ ಸೋತಿತು. ಸಿರಿಯಾ ಬಂತು, ಇರಾಕ್ ಬಂತು, ಹಿಂದೆಯೇ ಈಜಿಪ್ಟ್ ಬಂತು. ಈಗ ಖಲೀಫ (ಪ್ರವಾದಿಯವರ ನಂತರ ರಾಜ್ಯ ಆಳಿದವರ ಬಿರುದು) ಉಮರ್ ಅವರಿಗೆ ತಲೆನೋವು. ಗೆದ್ದ ಜಮೀನನ್ನು ಸೈನಿಕರಿಗೆ ಹಂಚಿಬಿಟ್ಟರೆ ಅವರು ಹೊಲ ನೋಡಿಕೊಂಡು ಚದುರಿಹೋಗುತ್ತಾರೆ, ಮುಂದಿನ ಯುದ್ಧಕ್ಕೆ ಜನ ಇರುವುದಿಲ್ಲ. ಹಂಚದಿದ್ದರೆ ಅವರು ಸುಮ್ನೆ ಕೂರುತ್ತಾರಾ? ಉಮರ್ ಜಮೀನನ್ನು ಹಳೇ ರೈತರ ಕೈಯಲ್ಲೇ ಬಿಟ್ಟರು. ಅವರಿಂದ ಕಂದಾಯ ತೆಗೆದುಕೊಂಡು, ಆ ದುಡ್ಡಿನಲ್ಲಿ ಹೋರಾಡಿದ ಒಬ್ಬೊಬ್ಬರಿಗೂ ವರ್ಷಕ್ಕಿಷ್ಟು ಅಂತ ಗೊತ್ತು ಮಾಡಿದರು. ಅದಕ್ಕೆ ಹೆಸರಿನ ಪಟ್ಟಿ ಬೇಕಲ್ವಾ. ಸುಮಾರು 640-41ರಲ್ಲಿ ಬರೆಸಿದ ಆ ಪಟ್ಟಿಯ ಹೆಸರು ದಿವಾನ್. ಮೈಸೂರು ದಿವಾನರು ಅನ್ನುವಾಗ ನಾವು ಹೇಳುವ ಪದವೂ ಅದೇ. ಪಟ್ಟಿಗೆ ಇದ್ದ ಹೆಸರು ಆಮೇಲೆ ಪಟ್ಟಿ ಇಡುವ ಕಚೇರಿಗೆ ಬಂತು, ಕೊನೆಗೆ ಆ ಕಚೇರಿ ನಡೆಸುವ ದೊಡ್ಡ ಮನುಷ್ಯನಿಗೆ ಬಂತು.

ದರ್ಜೆ ಹೇಗೆ ಅಂದರೆ ಪೂರ್ತಿ ಸೀನಿಯಾರಿಟಿ ಮೇಲೆ. ನೀವು ಎಷ್ಟು ಬಲಶಾಲಿ ಅನ್ನುವುದಲ್ಲ, ಇಸ್ಲಾಂ ಪರವಾಗಿ ಯಾವಾಗ ನಿಂತಿರಿ ಅನ್ನುವುದು. ಬದ್ರ್‌ನಲ್ಲಿ ಇದ್ದವರಿಗೆ ವರ್ಷಕ್ಕೆ 5000 ದಿರ್ಹಮ್. ಕಾದಿಸಿಯ್ಯಾ, ಯರ್ಮೂಕ್‌ಗಳಲ್ಲಿ ಹೋರಾಡಿದವರಿಗೆ 2000. ಆಮೇಲೆ ಬಂದವರಿಗೆ 1000, 500, 300, ಕೊನೆಗೆ 200. ದಿರ್ಹಮ್ ಅಂದರೆ ಹತ್ತಿರ ಹತ್ತಿರ ಮೂರು ಗ್ರಾಂ ಬೆಳ್ಳಿ. ಈ ದುಡ್ಡಿಗೆ ಅತಾ ಅನ್ನುತ್ತಿದ್ದರು. ಇದರ ಮೇಲೆ ತಿಂಗಳು ತಿಂಗಳು ಗೋಧಿ, ಎಣ್ಣೆ ಇಂಥದ್ದು ಬೇರೆ, ನಮ್ಮ ಕಡೆ ಪಡಿ ಅಂತೀವಲ್ಲ ಹಾಗೆ. ಅದಕ್ಕೆ ರಿಜ್ಕ್ ಅಂತ ಹೆಸರು. ನಿಮ್ಮ ಮಗನ ಪ್ರಶ್ನೆಗೆ ನೇರ ಉತ್ತರ ಇದೇ. ಯುದ್ಧ ಇಲ್ಲದಾಗ ಅವರು ತಿನ್ನುತ್ತಿದ್ದದ್ದು ಇರಾಕಿನ, ಈಜಿಪ್ಟಿನ ರೈತ ಬೆಳೆದ ಗೋಧಿ.

ಇನ್ನು ಅವರು ಇರುತ್ತಿದ್ದದ್ದು ಎಲ್ಲಿ? ಹಳೇ ಊರುಗಳ ಒಳಗೆ ಅಲ್ಲ. ಅವರಿಗೆ ಅಂತಲೇ ಮರಳುಗಾಡಿನ ಅಂಚಿನಲ್ಲಿ ದಂಡಿನ ಊರು ಕಟ್ಟಿದರು. 638ರ ಆಸುಪಾಸಿನಲ್ಲಿ ಬಸ್ರಾ, ಕೂಫಾ. ಈಜಿಪ್ಟಿನಲ್ಲಿ ಫುಸ್ತಾತ್. 670ರಲ್ಲಿ ಟುನೀಶಿಯಾದ ಕೈರವಾನ್. ನಮ್ಮ ಬೆಂಗಳೂರು ದಂಡು ಇದ್ದ ಹಾಗೆ ಅಂದುಕೊಳ್ಳಿ, ಊರು ಒಂದು ಕಡೆ, ದಂಡು ಒಂದು ಕಡೆ. ಒಳಗೆ ಬುಡಕಟ್ಟಿನ ಪ್ರಕಾರ ಕೇರಿ. ಕೂಫಾದಲ್ಲಿ ಮೊದಲು ಏಳು ಪಾಲು ಇತ್ತು, ಸುಮಾರು 670ರಲ್ಲಿ ಗವರ್ನರ್ ಜಿಯಾದ್ ಅದನ್ನು ನಾಲ್ಕು ಮಾಡಿದ. ಬಸ್ರಾದಲ್ಲಿ ಐದು ಪಾಲು. ಪಾಲಿನ ಒಳಗೆ ಚಿಕ್ಕ ಚಿಕ್ಕ ಗುಂಪು, ಅದಕ್ಕೆ ಒಬ್ಬ ಆರಿಫ್. ಈ ಆರಿಫ್ ಯಾರು ಅಂದರೆ ತನ್ನ ಗುಂಪಿನ ಹೆಸರುಗಳನ್ನು ಬಲ್ಲವನು. ಯಾರು ಸತ್ತರು, ಯಾರಿಗೆ ಮಗು ಹುಟ್ಟಿತು, ಯಾರು ಊರು ಬಿಟ್ಟರು ಅಂತ ಲೆಕ್ಕ ಇಟ್ಟು, ಸಂಬಳ ತಂದು ಮನೆ ಮನೆಗೆ ಹಂಚುವವನು. ಯುದ್ಧಕ್ಕೆ ಕರೆ ಬಂದರೆ ಅದೇ ಗುಂಪನ್ನು ಹೊರಡಿಸುವವನೂ ಅವನೇ. ಪಟ್ಟಿಯಲ್ಲಿ ಹೆಸರಿದ್ದು ಯುದ್ಧಕ್ಕೆ ಬರದಿದ್ದವನನ್ನು ಹಿಡಿಯುವುದು ಎಷ್ಟು ಸುಲಭ ನೋಡಿ.

ಒಂದು ಕಾಗದದ ಬಗ್ಗೆ ಹೇಳಿಬಿಡುತ್ತೇನೆ, ನನಗೆ ತುಂಬಾ ಇಷ್ಟವಾದದ್ದು. ಈಜಿಪ್ಟಿನ ಪಪೈರಸ್ ಹಾಳೆ, ಈಗ ವಿಯೆನ್ನಾದಲ್ಲಿದೆ. 643ನೇ ಇಸವಿ ಏಪ್ರಿಲ್ ತಿಂಗಳಿನದು. ಅರಬ್ ಸೇನಾನಿ ಅಬ್ದುಲ್ಲಾ ಬಿನ್ ಜಾಬಿರ್ ಒಂದು ಊರಿನ ಅಧಿಕಾರಿಗಳಿಂದ 65 ಕುರಿ ತೆಗೆದುಕೊಂಡಿದ್ದಕ್ಕೆ ಕೊಟ್ಟ ರಸೀದಿ ಅದು. ಮೇಲೆ ಗ್ರೀಕ್, ಕೆಳಗೆ ಅರಬ್ಬಿ. ಅರಬ್ಬಿಯಲ್ಲಿ 50 ಕುರಿ, ಆಮೇಲೆ ಇನ್ನೂ 15 ಅಂತ ಬಿಡಿಸಿ ಬರೆದಿದ್ದಾರೆ. ದೋಣಿಯ ಆಳುಗಳಿಗೆ, ಕುದುರೆ ಸವಾರರಿಗೆ, ಕವಚ ತೊಟ್ಟ ಕಾಲಾಳುಗಳಿಗೆ ಕೊಯ್ಯಲು ಕೊಟ್ಟದ್ದು ಅಂತಲೂ ಇದೆ. ಕೆಳಗೆ ಬರೆದ ಗುಮಾಸ್ತನ ಹೆಸರೂ ಇದೆ, ಇಬ್ನ್ ಹದೀದ್. ಈಜಿಪ್ಟ್ ಕೈಗೆ ಬಂದು ಇನ್ನೂ ಸರಿಯಾಗಿ ಎರಡು ವರ್ಷ ಆಗಿಲ್ಲ. ಗೆದ್ದವರು ಕುರಿ ಹೊಡೆದುಕೊಂಡು ಹೋಗಬಹುದಿತ್ತು. ಎರಡು ಭಾಷೆಯಲ್ಲಿ ರಸೀದಿ ಬರೆದುಕೊಟ್ಟಿದ್ದಾರೆ. ಆ ಊರಿನವರು ಮುಂದೆ ಕಂದಾಯ ಕಟ್ಟುವಾಗ ಈ ಕುರಿಗಳನ್ನು ಲೆಕ್ಕದಲ್ಲಿ ತೋರಿಸಬೇಕಲ್ವಾ, ಅದಕ್ಕೆ.

ಆಯುಧದ ಬಗ್ಗೆ ನನಗಿಂತ ಚೆನ್ನಾಗಿ ತಿಳಿದವರು ಇಲ್ಲಿದ್ದಾರೆ. ಅವರು ಬರೆಯಲಿ.

ಕುಲುಮೆ_ಮನೆ ಬರೆದದ್ದು:

ರಾಯರು ನನ್ನನ್ನೇ ಕರೆದ ಹಾಗಿದೆ. ನಮ್ಮದು ಕಮ್ಮಾರರ ಮನೆ, ತಾತನ ಕಾಲದ ತಿದಿ ಇನ್ನೂ ಇದೆ. ಅಕ್ಕ, ನಿಮ್ಮ ಮಗನಿಗೆ ಮೊದಲು ಇದು ಹೇಳಿ. ಆ ಬಾಗಿದ ಕತ್ತಿ ತಪ್ಪು. ಈ ಮೊದಲ ಇನ್ನೂರು ವರ್ಷದ ಅರಬ್ ಕತ್ತಿ ನೇರ. ಎರಡೂ ಕಡೆ ಅಲಗು. ಸೊಂಟದ ಪಟ್ಟಿಗೆ ಸಿಕ್ಕಿಸುವುದಕ್ಕಿಂತ ಜಾಸ್ತಿ ಹೆಗಲಿನಿಂದ ಅಡ್ಡಕ್ಕೆ ಇಳಿಬಿಟ್ಟ ತೊಗಲಿನ ಪಟ್ಟಿಗೆ ತೂಗಿಸಿಕೊಳ್ಳುತ್ತಿದ್ದರು. ಬಾಗಿದ ಕತ್ತಿ ಮಧ್ಯ ಏಷ್ಯಾದ ತುರ್ಕ ಸವಾರರ ಜೊತೆ ನಿಧಾನಕ್ಕೆ ಬಂದದ್ದು, ಎಲ್ಲ ಕಡೆ ಹರಡಿದ್ದು ಇನ್ನೂ ಎಷ್ಟೋ ಕಾಲದ ಮೇಲೆ.

ಕತ್ತಿ ಎಲ್ಲರ ಹತ್ತಿರವೂ ಇರುತ್ತಿರಲಿಲ್ಲ. ಒಂದು ಒಳ್ಳೆ ಅಲಗಿಗೆ ಎಷ್ಟು ಇದ್ದಿಲು, ಎಷ್ಟು ದಿನದ ಕೆಲಸ ಅಂತ ಕುಲುಮೆ ಮುಂದೆ ಕೂತವನಿಗೆ ಗೊತ್ತು. ಸಾಮಾನ್ಯ ಸೈನಿಕನ ಆಯುಧ ಈಟಿ. ಉದ್ದನೆಯ ಕೋಲು, ತುದಿಗೆ ಒಂದು ಹಿಡಿ ಕಬ್ಬಿಣ. ಇಲ್ಲಿ ನಮ್ಮ ದೇಶದ ಹೆಸರು ಬರುತ್ತದೆ. ಒಳ್ಳೆ ಈಟಿಗೆ ಅರಬ್ಬರು ಖತ್ತಿ ಅನ್ನುತ್ತಿದ್ದರು. ಅರೇಬಿಯಾದ ಪೂರ್ವ ಕರಾವಳಿಗೆ ಖತ್ತ್ ಅಂತ ಹೆಸರು, ಭಾರತದಿಂದ ಹಡಗಿನಲ್ಲಿ ಬಂದ ಬಿದಿರು ಇಳಿಯುತ್ತಿದ್ದದ್ದು ಅಲ್ಲಿ. ಕತ್ತಿಯ ಕಥೆಯೂ ಹಾಗೇ. ಅರಬ್ಬಿ ಕವಿಗಳಿಗೆ ಅತಿ ಒಳ್ಳೆಯ ಕತ್ತಿ ಅಂದರೆ ಹಿಂದಿ ಅಥವಾ ಮುಹನ್ನದ್, ಅಂದರೆ ಹಿಂದೂಸ್ತಾನದ್ದು. ಒಂಬತ್ತನೇ ಶತಮಾನದಲ್ಲಿ ಅಲ್ ಕಿಂದಿ ಅನ್ನುವ ದೊಡ್ಡ ಪಂಡಿತರು ಖಲೀಫನಿಗಾಗಿ ಕತ್ತಿಗಳ ಬಗ್ಗೆಯೇ ಬರೆದರು. ಮೆತ್ತಗಿನ ಕಬ್ಬಿಣ, ಗಟ್ಟಿ ಕಬ್ಬಿಣ, ಇವೆರಡರಲ್ಲೂ ಸೇರದ ಉಕ್ಕು ಅಂತ ಬೇರೆ ಬೇರೆ ಮಾಡಿ, ಯೆಮೆನ್ನಿನ ಕತ್ತಿ, ಹಿಂದೂಸ್ತಾನದ ಕತ್ತಿ, ಸಿಂಹಳದ ಕತ್ತಿ ಅಂತ ಒಂದೊಂದನ್ನೂ ಅಲಗಿನ ಮೇಲಿನ ನೀರಿನಂಥ ಗೆರೆ ನೋಡಿ ಗುರುತಿಸುವುದು ಹೇಗೆ ಅಂತ ಹೇಳಿದ್ದಾರೆ. ಆ ಗೆರೆ ಬರುವುದು ಮೂಸೆಯಲ್ಲಿ ಕರಗಿಸಿ ನಿಧಾನವಾಗಿ ಆರಿಸಿದ ಉಕ್ಕಿನಿಂದ. ದಕ್ಷಿಣ ಭಾರತ, ಸಿಂಹಳ ಎರಡೂ ಕಡೆ ಆ ಕೆಲಸ ಇತ್ತು. ಇಂಗ್ಲಿಷರು ಆಮೇಲೆ ಅದಕ್ಕೆ ವೂಟ್ಜ್ ಅಂದರು, ಅದು ನಮ್ಮ ಉಕ್ಕು ಅನ್ನುವ ಪದವೇ ಕಿವಿ ತಪ್ಪಿ ಹಾಗಾದದ್ದು ಅಂತ ಹೆಚ್ಚಿನವರು ಒಪ್ಪುತ್ತಾರೆ. ಇದನ್ನು ಓದಿದ ದಿನ ನಾನು ತಾತನ ತಿದಿ ಮುಟ್ಟಿ ಬಂದೆ.

ಕವಚ ಅಂದರೆ ಸಾವಿರಾರು ಕಬ್ಬಿಣದ ಬಳೆ. ಒಂದು ಬಳೆಗೆ ನಾಲ್ಕು ಬಳೆ ಕೊಂಡಿ ಹಾಕಬೇಕು, ತುದಿ ಚಪ್ಪಟೆ ಮಾಡಿ ತೂತು ಹೊಡೆದು ಸಣ್ಣ ಮೊಳೆ ಬಡಿಯಬೇಕು. ನಾನು ಒಮ್ಮೆ ಅಂಗೈ ಅಗಲದ ಒಂದು ತುಂಡು ಮಾಡಿ ನೋಡಿದೆ, ಮೂರು ಸಂಜೆ ಹಿಡಿಯಿತು. ಒಂದು ಪೂರ್ತಿ ಅಂಗಿಗೆ ಎಷ್ಟಾಗುತ್ತದೆ ನೀವೇ ಲೆಕ್ಕ ಹಾಕಿ. ಅದಕ್ಕೇ ಅದು ತಂದೆಯಿಂದ ಮಗನಿಗೆ ಬರುವ ಆಸ್ತಿ. 705ರಲ್ಲಿ ಕುತೈಬಾ ಖುರಾಸಾನಿನ (ಇರಾನಿನ ಪೂರ್ವದ ಸೀಮೆ) ಗವರ್ನರ್ ಆಗಿ ಬಂದು ಆಯುಧ ಎಣಿಸಿದಾಗ ಸಿಕ್ಕಿದ್ದು 350 ಕವಚ ಅಂತ ಚರಿತ್ರೆ ಬರೆದ ತಬರಿ ಹೇಳುತ್ತಾರೆ. ಅದೇ ಸೈನ್ಯದ ತಲೆ ಲೆಕ್ಕ ಹತ್ತು ವರ್ಷದ ಮೇಲೆ ಸಿಗುತ್ತದೆ, 54,000. ಕವಚದವರು ಮುಂದಿನ ಸಾಲಿನಲ್ಲಿ, ಉಳಿದವರಿಗೆ ಗುರಾಣಿ ಮತ್ತು ದೇವರು. ತಲೆಗೆ ಹಾಕುವ ಕಬ್ಬಿಣದ ಟೋಪಿಗೆ ಬೈದಾ ಅನ್ನುತ್ತಿದ್ದರು, ಅಂದರೆ ಮೊಟ್ಟೆ. ಆಕಾರವೂ ಹಾಗೇ. ಅದರ ಕೆಳಗೆ ಬಳೆಯಿಂದ ಹೆಣೆದ ಮುಸುಕು, ಕುತ್ತಿಗೆ ಕಾಯುವುದಕ್ಕೆ.

ಇನ್ನೊಂದು ಸಣ್ಣ ವಸ್ತು, ರಿಕಾಪು. ಜೀನಿನಿಂದ ಇಳಿಬಿಟ್ಟು ಕಾಲಿಡುತ್ತೇವಲ್ಲ ಅದು. ಮೊದಲು ಅರಬ್ಬರು ಬಳಸಿದರೆ ಮರದ್ದು, ಇಲ್ಲದಿದ್ದರೆ ಅದೂ ಇಲ್ಲ, ಹಾರಿ ಹತ್ತುವುದೇ ಗಂಡಸುತನ. ಸುಮಾರು 690ರ ದಶಕದಲ್ಲಿ ಮುಹಲ್ಲಬ್ ಅನ್ನುವ ಸೇನಾಪತಿ ಖಾರಿಜಿ ಬಂಡುಕೋರರ ಜೊತೆ ವರ್ಷಗಟ್ಟಲೆ ಹೋರಾಡುತ್ತಿದ್ದ. ಹೊಡೆದಾಟದ ಮಧ್ಯೆ ಮರದ ರಿಕಾಪು ಮುರಿದು ಸವಾರನಿಗೆ ಊರಲು ಆಸರೆಯೇ ಇಲ್ಲದ ಹಾಗಾಗುತ್ತಿತ್ತು. ಅವನು ಕಬ್ಬಿಣದ್ದು ಮಾಡಿಸಿದ. ಇದೇ ಮುಹಲ್ಲಬ್ ಎಲ್ಲಿ ತಂಗಿದರೂ ಮೊದಲು ಸುತ್ತ ಕಂದಕ ತೋಡಿಸುತ್ತಿದ್ದ.

ತುಂಗಾ_ನಾಲೆ ಬರೆದದ್ದು:

ಕುಲುಮೆ ಅಣ್ಣ ಬರೆದದ್ದು ತುಂಬಾ ಚೆನ್ನಾಗಿದೆ. ಆದರೆ ಅಕ್ಕ ಕೇಳಿದ ಕುದುರೆ ವಿಷಯ ಇನ್ನೂ ಯಾರೂ ಹೇಳಲಿಲ್ಲ. ಆಟದಲ್ಲಿ ಎಲ್ಲರೂ ಕುದುರೆ ಮೇಲೆ ಇರುವುದು ದೊಡ್ಡ ತಪ್ಪು. ಅವರು ದಾರಿ ನಡೆದದ್ದು ಒಂಟೆ ಮೇಲೆ, ಕಾದಿದ್ದು ಬಹುಪಾಲು ನೆಲದ ಮೇಲೆ. ಕುದುರೆ ಇದ್ದವನೂ ಅದನ್ನು ಪಕ್ಕದಲ್ಲಿ ಬರಿಬೆನ್ನಲ್ಲಿ ನಡೆಸಿಕೊಂಡು ಬಂದು ಯುದ್ಧ ಹತ್ತಿರವಾದಾಗ ಮಾತ್ರ ಏರುತ್ತಿದ್ದ. 634ರಲ್ಲಿ ಖಾಲಿದ್ ಬಿನ್ ವಲೀದ್ ಇರಾಕಿನಿಂದ ಸಿರಿಯಾಕ್ಕೆ ನೀರಿಲ್ಲದ ಮರಳುಗಾಡು ದಾಟಿದ್ದು ಕೇಳಿದ್ದೀರಾ? ಒಂಟೆಗಳನ್ನು ಬಾಯಾರಿಸಿ, ಹೊಟ್ಟೆ ತುಂಬ ನೀರು ಕುಡಿಸಿ, ಮೆಲುಕು ಹಾಕದ ಹಾಗೆ ಬಾಯಿ ಕಟ್ಟಿ, ದಾರಿಯಲ್ಲಿ ದಿನಾ ಕೆಲವನ್ನು ಕೊಯ್ದು ಹೊಟ್ಟೆಯ ನೀರನ್ನು ಕುದುರೆಗಳಿಗೆ ಕುಡಿಸಿದರಂತೆ. ಮಾಂಸ ಜನರಿಗೆ.

ಸೈನ್ಯಕ್ಕೆ ಖಮೀಸ್ ಅಂತ ಒಂದು ಹೆಸರಿತ್ತು. ಖಮ್ಸಾ ಅಂದರೆ ಐದು. ಮುಂಪಡೆ, ನಡುವೆ ಹೃದಯ (ಅದನ್ನು ನಿಜವಾಗಿಯೂ ಹೃದಯ ಅಂತಲೇ ಕರೆಯುತ್ತಿದ್ದರು), ಬಲ, ಎಡ, ಹಿಂದಿನ ಕಾವಲು. ಎದುರಿಗೆ ಕುದುರೆ ದಂಡು ನುಗ್ಗಿದರೆ ಇವರು ಸಾಲಾಗಿ ಮಂಡಿಯೂರುತ್ತಿದ್ದರು. ಈಟಿಯ ಬುಡ ನೆಲಕ್ಕೆ ಊರಿ, ತುದಿಯನ್ನು ಕುದುರೆಯ ಎದೆಗೆ ಹಿಡಿದು ಅಲ್ಲಾಡದೆ ಕೂರುವುದು. ಹಿಂದಿನಿಂದ ಬಿಲ್ಲಿನವರು ಬಾಣ ಬಿಡುವುದು. ಓಡಿ ಬರುವ ಕುದುರೆಯ ಎದುರು ಮಂಡಿಯೂರಿ ಕೂರಲು ಎಂಥ ಗುಂಡಿಗೆ ಬೇಕು! 750ರಲ್ಲಿ ಇರಾಕಿನ ಜಾಬ್ ನದಿ ದಂಡೆಯಲ್ಲಿ, ಆಗ ಖಲೀಫರಾಗಿ ಆಳುತ್ತಿದ್ದ ಉಮಯ್ಯದ್ ವಂಶ ಮುಗಿದದ್ದು ಇದೇ ಈಟಿಯ ಗೋಡೆಗೆ ಬಡಿದು. ಅವರ ಗದ್ದುಗೆ ಕಿತ್ತುಕೊಳ್ಳಲು ಬಂದ ಅಬ್ಬಾಸಿ ವಂಶದವರ ಸೈನ್ಯ ಕುದುರೆ ಇಳಿದು ಮಂಡಿಯೂರಿತು, ಖಲೀಫ ಎರಡನೇ ಮರ್ವಾನನ ಸವಾರರು ಅದನ್ನು ಒಡೆಯಲಾರದೆ ಹೋದರು. ನೋವಿನ ಸಂಗತಿ ಅಂದರೆ ಉದ್ದ ಸಾಲಿನ ಬದಲು ಕುರ್ದೂಸ್ ಅನ್ನುವ ಚಿಕ್ಕ ಚಿಕ್ಕ ತುಕಡಿಗಳನ್ನು ತಂದು ಸೈನ್ಯ ಸುಧಾರಿಸಿದ ಅಂತ ಹೆಸರು ಪಡೆದವನು ಇದೇ ಮರ್ವಾನ.

ಸಂಖ್ಯೆಗಳ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಯರ್ಮೂಕ್‌ನಲ್ಲಿ ಅರಬ್ಬರ ಕಡೆ 24,000ದಿಂದ 40,000 ತನಕ ಬೇರೆ ಬೇರೆ ಲೆಕ್ಕ ಸಿಗುತ್ತದೆ. ಬೈಜಾಂಟಿಯಂ ಕಡೆ ಲಕ್ಷ, ಎರಡು ಲಕ್ಷ ಅಂತ ಹಳೆಯವರು ಬರೆದದ್ದನ್ನು ನಂಬಬೇಡಿ. ಅಷ್ಟು ಜನಕ್ಕೆ, ಪ್ರಾಣಿಗಳಿಗೆ ಆ ಬಿಸಿಲಲ್ಲಿ ನೀರೆಲ್ಲಿಂದ ತರುತ್ತಾರೆ?

ಖಜಾನೆ_ಗುಮಾಸ್ತ ಬರೆದದ್ದು:

ನೀರು, ಸಾಮಾನು ಅಂದದ್ದಕ್ಕೆ ನೆನಪಾಯಿತು. 711ರ ಹೊತ್ತಿಗೆ ಇರಾಕಿನ ಗವರ್ನರ್ ಹಜ್ಜಾಜ್, ಮುಹಮ್ಮದ್ ಬಿನ್ ಕಾಸಿಮನನ್ನು ಸಿಂಧ್‌ಗೆ ಕಳಿಸಿದನಲ್ಲ, ಆಗ ಏನೇನು ಜೊತೆಗೆ ಕೊಟ್ಟ ಅಂತ ಬಲಾಧುರಿ ಅನ್ನುವ ಚರಿತ್ರೆಕಾರರು ಬರೆದಿದ್ದಾರೆ. ಸಿರಿಯಾದ 6000 ಸೈನಿಕರು. ಜೊತೆಗೆ ದಾರ, ದಬ್ಬಣ ತನಕ ಎಲ್ಲ. ಸಿಂಧ್‌ನಲ್ಲಿ ವಿನಿಗರ್ ಸಿಗುವುದಿಲ್ಲ ಅಂತ ಗೊತ್ತಾಗಿ, ಹತ್ತಿಯನ್ನು ಒಳ್ಳೆ ಹುಳಿ ವಿನಿಗರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ ಕಳಿಸಿದ. ಅಲ್ಲಿ ಹೋಗಿ ಹತ್ತಿಯನ್ನು ನೀರಲ್ಲಿ ಅದ್ದಿದರೆ ಸಾರಿಗೆ ಹುಳಿ ಸಿದ್ಧ. ಹಜ್ಜಾಜ್ ಕ್ರೂರಿ ಅನ್ನುವುದರಲ್ಲಿ ಅನುಮಾನ ಇಲ್ಲ. ಆದರೆ ಸಾವಿರ ಮೈಲಿ ಆಚೆ ಸೈನಿಕನ ತಟ್ಟೆಯಲ್ಲಿ ಹುಳಿ ಇರಲಿ ಅಂತ ಯೋಚಿಸಿದ ಕಚೇರಿ ಅದು. ಹಡಗಿನಲ್ಲಿ ಮಂಜನೀಕ್ ಅನ್ನುವ ದೊಡ್ಡ ಕವಣೆಯಂತ್ರವೂ ಹೋಯಿತು. ದೇಬಲ್ ಕೋಟೆಗೆ ಕಲ್ಲು ಹೊಡೆದ ಯಂತ್ರದ ಹೆಸರು ಅರೂಸ್, ಮದುಮಗಳು ಅಂತ. ಅದನ್ನು ನಡೆಸಲು 500 ಜನ ಬೇಕಿತ್ತಂತೆ. ಒಂದು ತುದಿಯ ಹಗ್ಗಗಳನ್ನು ಜನ ಒಟ್ಟಿಗೆ ಜಗ್ಗಿದರೆ ಇನ್ನೊಂದು ತುದಿಯಿಂದ ಕಲ್ಲು ಹಾರುತ್ತದೆ, ತೇರು ಎಳೆದ ಹಾಗೆ ಎಲ್ಲರ ಕೈ ಒಂದೇ ಸಲ ಬರಬೇಕು. ಕೊನೆಗೆ ಖರ್ಚಿನ ಲೆಕ್ಕವೂ ಹಾಕಿದರು. ಆರು ಕೋಟಿ ದಿರ್ಹಮ್ ಹೋಯಿತು, ಹನ್ನೆರಡು ಕೋಟಿ ಬಂತು.

ಇದೇ ಹಜ್ಜಾಜ್ ಅದಕ್ಕೆ ಹತ್ತು ಹನ್ನೆರಡು ವರ್ಷ ಮೊದಲು ಇನ್ನೊಂದು ಸೈನ್ಯವನ್ನು ಈಗಿನ ಅಫ್ಘಾನಿಸ್ತಾನದ ಕಡೆ ಕಳಿಸಿದ್ದ. ಉಡುಪು, ಆಯುಧ ಎಷ್ಟು ಚೆಂದ ಇತ್ತು ಅಂದರೆ ಜನ ಅದಕ್ಕೆ ನವಿಲುಗಳ ಸೈನ್ಯ ಅಂದರು. ವರ್ಷಗಟ್ಟಲೆ ಮನೆಗೆ ಬರದೆ ಗುಡ್ಡಗಾಡಿನಲ್ಲೇ ಕಾದಿ ಅಂತ ಆಜ್ಞೆ ಬಂದಾಗ ಆ ನವಿಲುಗಳು ತಿರುಗಿ ಹಜ್ಜಾಜನ ಮೇಲೆಯೇ ಬಂದವು. 701ರಲ್ಲಿ ಕಷ್ಟಪಟ್ಟು ಅಡಗಿಸಿದರು. ಆಮೇಲೆ ಇರಾಕಿನವರನ್ನು ನಂಬದೆ ಸಿರಿಯಾದ ದಂಡನ್ನು ತಂದು ವಾಸಿತ್ ಅನ್ನುವ ಹೊಸ ಊರಲ್ಲಿ ಕೂರಿಸಿದ. ಹಳೇ ಬುಡಕಟ್ಟು ಸೈನ್ಯದ ಕಾಲ ಅಲ್ಲಿಂದ ಇಳಿಯುತ್ತಾ ಬಂತು ಅಂತ ನನ್ನ ಅನಿಸಿಕೆ.

ಕೃಷ್ಣೆ_ದಂಡೆ ಬರೆದದ್ದು:

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಪೂರ್ತಿ ಓದಿ ಹೇಳಿದೆ. ಕುರಿಯ ರಸೀದಿ ಅವನಿಗೆ ಭಾರಿ ಹಿಡಿಸಿತು. ಗುಲಾಮ ಸೈನಿಕರ ವಿಷಯ ಮಾತ್ರ ಉಳಿದಿದೆ. ಪಟ್ಟಿಯಲ್ಲಿ ಅಷ್ಟು ಜನ ಅರಬ್ಬರು ಇದ್ದಾಗ ಹೊರಗಿನವರು ಯಾಕೆ ಬೇಕಾಯಿತು?

ದೋಹಾದಿಂದ_ನಾನು ಬರೆದದ್ದು:

ಅಕ್ಕ, ಇದಕ್ಕೆ ನಾನು ಉತ್ತರ ಹೇಳುತ್ತೇನೆ. ಹೊರಗಿನವರು ಮೊದಲಿನಿಂದಲೂ ಇದ್ದರು. ಪರ್ಷಿಯಾದ ಸವಾರರ ಒಂದು ಗುಂಪು ಗೆದ್ದವರ ಕಡೆ ಬಂದು ಬಸ್ರಾದಲ್ಲಿ ಸಂಬಳದ ಪಟ್ಟಿಗೆ ಸೇರಿತ್ತು. ಖುರಾಸಾನಿನ 54,000ದಲ್ಲೂ 7000 ಜನ ಅರಬ್ಬರಲ್ಲದ ಮುಸ್ಲಿಮರು. 750ರಲ್ಲಿ ಅಬ್ಬಾಸಿಗಳನ್ನು ಗದ್ದುಗೆಗೆ ತಂದದ್ದು ಖುರಾಸಾನಿನ ಸೈನ್ಯ. 762ರಲ್ಲಿ ಬಾಗ್ದಾದ್ ಕಟ್ಟಿದಾಗ ಅವರಿಗೆ ಅಲ್ಲೇ ಜಾಗ ಸಿಕ್ಕಿತು, ಅವರ ಮಕ್ಕಳಿಗೆ ಅಬ್ನಾ ಅಂತ ಹೆಸರು ಬಂತು, ರಾಜ್ಯದ ಮಕ್ಕಳು ಅಂತ.

ಖಲೀಫ ಹಾರೂನ್ ಅಲ್ ರಶೀದ್ ಸತ್ತ ಮೇಲೆ ಅವನ ಮಕ್ಕಳಾದ ಅಲ್ ಅಮೀನ್, ಅಲ್ ಮಾಮೂನ್ ಮಧ್ಯೆ ಜಗಳ. 812-13ರಲ್ಲಿ ಅಲ್ ಮಾಮೂನನ ಸೇನಾಪತಿ ತಾಹಿರ್ ಬಾಗ್ದಾದಿಗೆ ಮುತ್ತಿಗೆ ಹಾಕಿದ. ಊರನ್ನು ಕಾದವರಲ್ಲಿ ಅಬ್ನಾ ಸೈನಿಕರ ಜೊತೆಗೆ ಕೂಲಿಯವರು, ಬೀದಿಯ ಹುಡುಗರು, ಜೈಲಿನಿಂದ ಬಿಟ್ಟವರು. ಮೈಮೇಲೆ ಕವಚ ಇಲ್ಲ, ಅದಕ್ಕೇ ಬೆತ್ತಲೆಯವರು ಅಂತಲೇ ಹೆಸರು. ತಬರಿ ಹೇಳುವ ಒಂದು ಪ್ರಸಂಗ ಕೇಳಿ. ಖುರಾಸಾನಿನ ಒಬ್ಬ ನಾಯಕ, ಮೈತುಂಬ ಕವಚ, ಒಳ್ಳೆ ಬಿಲ್ಲುಗಾರ, ಇವರಲ್ಲಿ ಒಬ್ಬನ ಎದುರು ಬಂದ. ಇವನ ಕೈಯಲ್ಲಿ ಡಾಂಬರಿನಂಥ ಅಂಟು ಬಳಿದ ಚಾಪೆ, ಕಂಕುಳಲ್ಲಿ ಕಲ್ಲು ತುಂಬಿದ ಚೀಲ. ನಾಯಕ ಬಾಣ ಬಿಟ್ಟ, ಚಾಪೆಗೆ ಕಚ್ಚಿಕೊಂಡಿತು. ಹುಡುಗ ಅದನ್ನು ಕಿತ್ತು, ಚಾಪೆಯಲ್ಲೇ ಮಾಡಿಕೊಂಡಿದ್ದ ಒಂದು ಗೂಡಿಗೆ ಸಿಕ್ಕಿಸಿ "ದಾನಿಕ್!" ಅಂತ ಕೂಗಿದ. ದಾನಿಕ್ ಅಂದರೆ ದಿರ್ಹಮಿನ ಆರನೇ ಒಂದು ಭಾಗ, ಒಂದು ಬಾಣದ ಬೆಲೆ. ಇನ್ನೊಂದು ಬಾಣ, ಇನ್ನೊಂದು "ದಾನಿಕ್!" ಹೀಗೆ ಬತ್ತಳಿಕೆ ಖಾಲಿಯಾಯಿತು. ನಾಯಕ ಸಿಟ್ಟಿನಿಂದ ಕತ್ತಿ ಹಿರಿದು ನುಗ್ಗಿದ. ಹುಡುಗ ಕವಣೆಗೆ ಒಂದು ಕಲ್ಲಿಟ್ಟು ಬೀಸಿದ, ನೇರ ಕಣ್ಣಿಗೆ. ನಾಯಕ ಹಿಂದೆ ಓಡಿಹೋಗಿ "ಇವರು ಮನುಷ್ಯರಲ್ಲ" ಅಂದನಂತೆ. ಒಂದು ಕಡೆ ಸಾವಿರಾರು ದಿರ್ಹಮಿನ ಕವಚ, ಇನ್ನೊಂದು ಕಡೆ ಚಾಪೆ. ಈ ಕಾಲದ ಯುದ್ಧ ಅಂದಾಗೆಲ್ಲ ನನಗೆ ಮೊದಲು ಕಾಣುವುದು ಆ ಚಾಪೆ.

ಊರು ಕೊನೆಗೆ ಬಿತ್ತು, ಖಲೀಫ ಅಲ್ ಅಮೀನ್ ಸತ್ತ. ಆದರೆ ಒಂದು ಪಾಠ ಉಳಿಯಿತು. ಬಾಗ್ದಾದಿನಲ್ಲೇ ಹುಟ್ಟಿ ಬೆಳೆದ ಸೈನ್ಯಕ್ಕೆ ಅಲ್ಲಿ ನೆಂಟರು, ಮನೆ, ಪಕ್ಷ ಎಲ್ಲ ಇದೆ. ಮಾಮೂನನ ತಮ್ಮ ಅಲ್ ಮುತಸಿಮ್ ಇದನ್ನು ನೋಡಿ ಬೇರೆ ದಾರಿ ಹಿಡಿದ. ಸಮರ್ಕಂದಿನ ಕಡೆಯಿಂದ ತುರ್ಕ ಹುಡುಗರನ್ನು ಕೊಂಡು ತರಿಸಿದ. ಬಾಗ್ದಾದಿನ ಮನೆಗಳಿಂದಲೂ ಕೊಂಡ. ಮುಂದೆ ದೊಡ್ಡ ಸೇನಾಪತಿಯಾದ ಈತಾಖ್ ಮೊದಲು ಒಂದು ಮನೆಯ ಅಡುಗೆಯವನು. ವಸೀಫ್ ಕವಚ ಮಾಡುವವನು. ಯಾಕೆ ತುರ್ಕರು ಅಂದರೆ ಕುದುರೆ ಮೇಲಿನ ಬಿಲ್ಲು. ಅದೇ ಕಾಲದಲ್ಲಿದ್ದ ಲೇಖಕ ಅಲ್ ಜಾಹಿಜ್ ಹೇಳುವ ಹಾಗೆ, ಇನ್ನೊಬ್ಬ ಒಂದು ಬಾಣ ಹೂಡುವಷ್ಟರಲ್ಲಿ ತುರ್ಕ ಹತ್ತು ಬಿಟ್ಟಿರುತ್ತಾನೆ. ಓಡುವ ಕುದುರೆಯಿಂದ ಹಿಂದಕ್ಕೂ ಹೊಡೆಯುತ್ತಾನೆ, ಅವನಿಗೆ ನಾಲ್ಕು ಕಣ್ಣು, ಎರಡು ಮುಖದಲ್ಲಿ, ಎರಡು ತಲೆಯ ಹಿಂದೆ.

ಬಾಗ್ದಾದಿನ ಗಲ್ಲಿಗಳಲ್ಲಿ ಅವರು ಕುದುರೆ ಓಡಿಸಿ ಜನರನ್ನು ಬೀಳಿಸುತ್ತಿದ್ದರು, ಜನ ತಿರುಗಿ ಕೊಲ್ಲುತ್ತಿದ್ದರು. 836ರಲ್ಲಿ ಮುತಸಿಮ್ ಅವರನ್ನೆಲ್ಲ ಕರೆದುಕೊಂಡು ಸಾಮರ್ರಾ ಅನ್ನುವ ಹೊಸ ಊರಿಗೆ ಹೋದ. ಅಲ್ಲಿ ಅವರ ಕೇರಿ ಬೇರೆ. ಊರಿನವರ ಜೊತೆ ಮದುವೆ ಕೂಡದು. ಅವರಿಗೆ ಅಂತಲೇ ದಾಸಿಯರನ್ನು ಕೊಂಡು ತಂದು ಮದುವೆ ಮಾಡಿಸಿದ. ಆ ಹೆಂಗಸರ ಹೆಸರನ್ನೂ ದಿವಾನ್ ಪಟ್ಟಿಯಲ್ಲಿ ಬರೆಸಿ ಭತ್ಯೆ ಕಟ್ಟಿದ. ಗಂಡ ಅವರನ್ನು ಬಿಡುವ ಹಾಗಿಲ್ಲ. ಮನುಷ್ಯರ ಮನೆ ಸಂಸಾರವನ್ನೇ ದಂಡಿನ ಸಾಮಾನಿನ ಹಾಗೆ ಹೊಂದಿಸಿದ್ದು ಓದುವಾಗ ಸಂಕಟವಾಗುತ್ತದೆ.

ಗುಲಾಮನ ಕೈಗೆ ಕತ್ತಿ ಯಾಕೆ ಅಂದರೆ ಅವನಿಗೆ ಊರಿಲ್ಲ, ಕುಲ ಇಲ್ಲ, ಒಡೆಯ ಒಬ್ಬನೇ ಗತಿ ಅನ್ನುವ ನಂಬಿಕೆ. ಆ ನಂಬಿಕೆ ಮುತಸಿಮ್ ಇರುವ ತನಕ ನಡೆಯಿತು. ಆಮೇಲೆ ಸಂಬಳ ನಿಂತಾಗ ಕೆಟ್ಟಿತು. 861ರಲ್ಲಿ ಅವರೇ ಖಲೀಫ ಮುತವಕ್ಕಿಲ್‌ನನ್ನು ಕೊಂದರು. ಮುಂದಿನ ಒಂಬತ್ತು ವರ್ಷದಲ್ಲಿ ನಾಲ್ಕು ಖಲೀಫರು. 869ರಲ್ಲಿ ಸೈನಿಕರು ಖಲೀಫ ಮುತಜ್ಜ್‌ನ ಹತ್ತಿರ 50,000 ದೀನಾರ್ (ಚಿನ್ನದ ನಾಣ್ಯ) ಕೊಡಿ, ಸುಮ್ಮನಿರುತ್ತೇವೆ ಅಂದರು. ಖಜಾನೆಯಲ್ಲಿ ಇರಲಿಲ್ಲ. ತಾಯಿಯನ್ನು ಕೇಳಿದ, ಆಕೆ ಇಲ್ಲ ಅಂದಳು. ಅವನನ್ನು ಇಳಿಸಿ ಸಾಯಿಸಿದರು. ಆಮೇಲೆ ನೋಡಿದರೆ ಆಕೆಯ ನೆಲಮನೆಯಲ್ಲಿ ಹತ್ತು ಲಕ್ಷ ದೀನಾರಿನಷ್ಟು ಹೊನ್ನು ಸಿಕ್ಕಿತು.

ಖಜಾನೆ_ಗುಮಾಸ್ತ ಬರೆದದ್ದು:

ದೋಹಾದವರೇ, ತುಂಬಾ ಚೆನ್ನಾಗಿ ಹೇಳಿದಿರಿ. ಸಂಬಳ ಸರಿಯಾಗಿ ಕೊಟ್ಟವರ ಕಥೆಯೂ ಒಂದು ಇರಲಿ. 879ರಿಂದ 900ರ ತನಕ ಪೂರ್ವ ಇರಾನ್ ಆಳಿದ ಅಮ್ರ್ ಬಿನ್ ಲೈತ್. ಮೂರು ತಿಂಗಳಿಗೊಮ್ಮೆ ಸೈನ್ಯದ ತಪಾಸಣೆ. ಆರಿಜ್ ಅನ್ನುವ ಅಧಿಕಾರಿ ದಿರ್ಹಮ್ ರಾಶಿ ಮುಂದಿಟ್ಟುಕೊಂಡು ಕೂರುತ್ತಾನೆ. ನಗಾರಿ ಬಾರಿಸುತ್ತಾರೆ. ಮೊದಲು ಕರೆಯುವ ಹೆಸರು ಯಾರದು ಗೊತ್ತಾ? ಅಮ್ರ್ ಬಿನ್ ಲೈತ್. ರಾಜನೇ ಸಾಮಾನ್ಯ ಸವಾರನ ಹಾಗೆ ಕುದುರೆ, ಆಯುಧ ಸಮೇತ ಮುಂದೆ ಬಂದು ನಿಲ್ಲುತ್ತಾನೆ. ಅಧಿಕಾರಿ ಜೀನು, ಲಗಾಮು, ಆಯುಧ ಒಂದೊಂದಾಗಿ ನೋಡಿ, ಸರಿ ಇದೆ ಅಂದು, 300 ದಿರ್ಹಮಿನ ಚೀಲ ಕೊಡುತ್ತಾನೆ. ರಾಜ ಅದನ್ನು ತೆಗೆದುಕೊಂಡು ಬೂಟಿನ ಒಳಗೆ ಇಟ್ಟುಕೊಂಡು, ದೇವರಿಗೆ ವಂದಿಸಿ, ಎತ್ತರದ ಜಾಗದಲ್ಲಿ ಹೋಗಿ ಕೂರುತ್ತಾನೆ. ಆಮೇಲೆ ಉಳಿದವರು. ರಾಜನ ಜೀನನ್ನೇ ತಡವಿ ನೋಡಿದ ಮೇಲೆ ಯಾವ ಸೈನಿಕ ತನ್ನ ತುಕ್ಕು ಹಿಡಿದ ಕತ್ತಿಗೆ ನೆಪ ಹೇಳುತ್ತಾನೆ?

ನಮ್ಮ ನಾಡಿನ ಒಂದು ಸಾಲನ್ನೂ ಸೇರಿಸುತ್ತೇನೆ. 851ರ ಅರಬ್ ವ್ಯಾಪಾರಿಗಳ ಬರಹದಲ್ಲಿ ಬಲ್ಹರಾ ಅನ್ನುವ ರಾಜ ಬರುತ್ತಾನೆ. ಅದು ನಮ್ಮ ರಾಷ್ಟ್ರಕೂಟರ ವಲ್ಲಭರಾಜ, ಆಗ ಮಳಖೇಡದಲ್ಲಿ ಆಳುತ್ತಿದ್ದವನು ಅಮೋಘವರ್ಷ. ಈ ರಾಜ ತನ್ನ ಸೈನಿಕರಿಗೆ ಅರಬ್ಬರ ಹಾಗೆಯೇ ಸರಿಯಾಗಿ ಸಂಬಳ ಕೊಡುತ್ತಾನೆ ಅಂತ ಅವರು ಗಮನಿಸಿ ಬರೆದಿದ್ದಾರೆ. ದಿವಾನ್ ಪಟ್ಟಿ ಕಂಡು ಬೆಳೆದ ಜನರ ಕಣ್ಣಿಗೆ ನಮ್ಮಲ್ಲಿ ಬಿದ್ದದ್ದೂ ಅದೇ.

ಕೃಷ್ಣೆ_ದಂಡೆ ಬರೆದದ್ದು:

ಮಳಖೇಡ ನಮ್ಮ ತವರಿನ ಹತ್ತಿರ! ಈ ರಜೆಯಲ್ಲಿ ಕೋಟೆಗೆ ಕರೆದುಕೊಂಡು ಹೋಗುತ್ತೇನೆ ಅಂತ ಮಗನಿಗೆ ಹೇಳಿದ್ದೇನೆ. ಅವನದು ಇನ್ನೊಂದೇ ಪ್ರಶ್ನೆ ಅಂತೆ. ಕುದುರೆಗೂ ಸಂಬಳ ಇತ್ತಾ?

ಖಜಾನೆ_ಗುಮಾಸ್ತ ಬರೆದದ್ದು:

ಇತ್ತು ಅಂತ ಹೇಳಿ. ಗೆದ್ದ ಸೊತ್ತು ಹಂಚುವಾಗ ಕಾಲಾಳಿಗೆ ಒಂದು ಪಾಲು. ಸವಾರನಿಗೆ ಮೂರು ಪಾಲು, ಒಂದು ಅವನದು, ಎರಡು ಕುದುರೆಯದು ಅಂತ ಹೆಚ್ಚಿನ ಪಂಡಿತರು ಹೇಳಿದರು. ಕೂಫಾದ ಅಬೂ ಹನೀಫಾ ಮಾತ್ರ ಒಪ್ಪಲಿಲ್ಲ. ಮನುಷ್ಯನಿಗಿಂತ ಪ್ರಾಣಿಗೆ ಜಾಸ್ತಿ ಕೊಡಲಾರೆ, ಕುದುರೆಗೂ ಒಂದೇ ಪಾಲು ಅಂದರು.